ನಾನು ಓದದ ಹಾಳೆಯ ಮೇಲೆ ನನ್ನ ಹೆಸರು

ಮಾನ್ಯ ನಿರ್ದೇಶಕರೇ,

ನಾನು ಓದದೇ ಇರುವ ಎಂಟು ಪುಟಗಳನ್ನು ಓದಿ ಒಪ್ಪಿದ್ದೇನೆಂದು ನಿಮ್ಮ ಉದ್ಯಮ ನೆರವು ಕೇಂದ್ರದ ಕಡತ ಹೇಳುತ್ತಿದೆ. ಆ ಸುಳ್ಳಿನಿಂದಾಗಿ ಸಾಲೋಟಗಿಯ ಹದಿನಾಲ್ಕು ಹೆಂಗಸರು ಮೋಸಗಾರರೆನಿಸಿಕೊಂಡಿದ್ದಾರೆ. ಇದನ್ನು ಮೊದಲು ನಿಮಗೇ ಬರೆದು ಕಳಿಸಿದ್ದೆ. ಅರ್ಧ ನಿಮಿಷದಲ್ಲಿ ಉತ್ತರ ಬಂತು: ‘ತಮ್ಮ ಅಹವಾಲನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ.’ ಅಷ್ಟು ಚುರುಕಾಗಿ ಓದುವವರು ನಿಮ್ಮ ಕಚೇರಿಯಲ್ಲಿ ಯಾರೆಂದು ನನಗೆ ಗೊತ್ತು. ಆದ್ದರಿಂದ ಈ ಸಲ ಪತ್ರಿಕೆಗೆ ಬರೆಯುತ್ತಿದ್ದೇನೆ.

ಯಾರಾದರೂ ಸರಕು ಬೇಕೆಂದು ಪ್ರಸ್ತಾವ ಕರೆದರೆ ನಮ್ಮ ಸಣ್ಣಪುಟ್ಟ ಸಂಘಗಳ ಪರವಾಗಿ ಉತ್ತರ ಬರೆಯಲು ಕಳೆದ ವರ್ಷ ನೀವು ಎಐ ತಂದಿರಿ. ನಾನೇನೂ ಅದರ ವೈರಿಯಲ್ಲ. ಮೂರು ದಿನ ತಿಣುಕಿ ಬರೆಯುತ್ತಿದ್ದುದನ್ನು ಅದು ಚಹಾ ಆರುವುದರೊಳಗೆ ಬರೆಯುತ್ತದೆ. ಅದು ಬರೆಯಲಿ, ಮನುಷ್ಯರು ಓದಿ ಒಪ್ಪಲಿ ಎಂಬುದು ನಿಮ್ಮದೇ ನಿಯಮವಾಗಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲ್ಲೂಕುಗಳಿಗೂ ಆ ‘ಮನುಷ್ಯರು’ ಎಂದರೆ ನಾನೊಬ್ಬಳೇ. ಆಮೇಲೆ ನಿಮ್ಮ ಸುತ್ತೋಲೆ ಬಂತು. ಪರಿಶೀಲಕರು ಹದಿನೈದು ನಿಮಿಷದಲ್ಲಿ ಓದದಿದ್ದರೆ ಓದಿದಂತೆ ಭಾವಿಸಿ, ಅವರ ಹೆಸರಿನ ಮುದ್ರೆ ತಾನಾಗಿಯೇ ಬೀಳತಕ್ಕದ್ದು. ಭಾವಿಸುವುದಕ್ಕೂ ಒಂದು ಮಿತಿ ಬೇಡವೇ? ಹದಿನೈದು ನಿಮಿಷ ತಟ್ಟೆ ಬಾರದಿದ್ದರೆ ಉಂಡಂತೆ ಭಾವಿಸಿ ಕೈ ತೊಳೆಯಲು ತಾವು ಎದ್ದೇಳುತ್ತೀರಾ?

ನಿಡಗುಂದಿ ಹತ್ತಿರದ ವಸತಿಗೃಹವೊಂದು ಇನ್ನೂರು ಕೌದಿಗಳಿಗೆ ಪ್ರಸ್ತಾವ ಕರೆದಿತ್ತು. ಸಾಲೋಟಗಿಯ ಕಸ್ತೂರೆವ್ವನ ಕೌದಿ ಹೊಲಿಯುವ ಸಂಘ ಎಂಟು ಪುಟಗಳ ಉತ್ತರ ಕೊಡಬೇಕಿತ್ತು. ‘ಬಳಸುವ ಬಟ್ಟೆ ಯಾವುದು?’ ಎಂಬ ಪ್ರಶ್ನೆಗೆ ನಿಮ್ಮ ಯಂತ್ರ ಬರೆದದ್ದು: ‘ಕಾರ್ಖಾನೆಯಿಂದ ನೇರವಾಗಿ ತಂದ, ಸಂಪೂರ್ಣ ಹೊಸ ಹತ್ತಿ ಬಟ್ಟೆ.’ ಕೌದಿಗೆ ಹೊಸ ಬಟ್ಟೆ! ಉಟ್ಟು, ಒಗೆದು, ಮೆತ್ತಗಾದ ಸೀರೆಗಳನ್ನು ಪದರ ಪದರವಾಗಿ ಹೊಲಿದರೇ ಅದು ಕೌದಿ. ನಮ್ಮ ಕಡೆ ಅದನ್ನು ಹೊದ್ದು ಮಲಗಿದವರು ಯಾರು ಓದಿದ್ದರೂ ಆ ಸಾಲಿಗೆ ಕಾಟು ಹೊಡೆಯುತ್ತಿದ್ದರು. ನಾನೂ ಹೊಡೆಯುತ್ತಿದ್ದೆ. ಆದರೆ ಆ ಹದಿನೈದು ನಿಮಿಷ ನಾನು ಸಿಂದಗಿಯಿಂದ ಬರುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದೆ, ಫೋನು ಚೀಲದೊಳಗಿತ್ತು.

ವಸತಿಗೃಹದವರು ಸಂಘ ಕಳಿಸಿದ್ದ ಮಾದರಿ ಕೌದಿಯ ಹೊಲಿಗೆ ಬಿಚ್ಚಿ ನೋಡಿ ನಿಮಗೆ ದೂರು ಕೊಟ್ಟರು. ಸಂಘದ ಅಬಿದಾ ಅದರೊಳಗೆ ತನ್ನ ತಾಯಿ ಉಟ್ಟಿದ್ದ ಸೀರೆಯನ್ನು ಇಟ್ಟು ಹೊಲಿದಿದ್ದಳು. ಅವಳು ಪ್ರೀತಿಯಿಂದ ಇಟ್ಟದ್ದೇ ವಂಚನೆಗೆ ಸಾಕ್ಷಿಯಾಯಿತು. ನೀವು ಒಂದು ಮಾತೂ ಕೇಳದೆ, ಸುಳ್ಳು ಮಾಹಿತಿ ಕೊಟ್ಟರೆಂದು ಸಂಘವನ್ನು ಎರಡು ವರ್ಷ ಕೇಂದ್ರದ ನೆರವಿನಿಂದ ಹೊರಗಿಟ್ಟಿರಿ.

ಕಸ್ತೂರೆವ್ವ ನಿಮ್ಮ ಆದೇಶವನ್ನೂ ಆ ಎಂಟು ಪುಟಗಳನ್ನೂ ಹಿಡಿದುಕೊಂಡು ಇಂಡಿಗೆ ನನ್ನ ಹತ್ತಿರ ಬಂದಳು. ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ನನ್ನ ಹೆಸರಿನ ಮುದ್ರೆಯ ಮೇಲೆ ಬೆರಳಿಟ್ಟು, “ನನಗ ಓದಾಕ ಬರಂಗಿಲ್ರಿ ಅಕ್ಕಾರ. ನೀವು ಓದೀರಿ ಅಂತ ನಾ ಹೆಬ್ಬಟ್ಟ ಒತ್ತೇನಿ” ಅಂದಳು.

ನಾನು ಓದಿರಲಿಲ್ಲ ಎಂದು ಅವಳಿಗೆ ಹೇಳುವಾಗ ನನಗಾದ ನಾಚಿಕೆ ನಿಮ್ಮ ಯಾವ ಸುತ್ತೋಲೆಗೂ ತಿಳಿಯುವಂಥದ್ದಲ್ಲ. ಮೊದಲೆಲ್ಲ ನಾನು ಅವರ ಪಡಸಾಲೆಯಲ್ಲಿ ಕೂತು ಪ್ರತಿ ಸಾಲನ್ನೂ ಗಟ್ಟಿಯಾಗಿ ಓದುತ್ತಿದ್ದೆ, ಹೆಂಗಸರು ನಡುವೆ ಬಾಯಿ ಹಾಕಿ ತಿದ್ದುತ್ತಿದ್ದರು. ಅದನ್ನು ನೀವು ‘ವಿಳಂಬ’ ಎಂದು ಕರೆದಿರಿ. ಯಂತ್ರಕ್ಕೆ ತಪ್ಪು ಹೊರಲು ಬರುವುದಿಲ್ಲ, ನಿಮಗೆ ಹೊರಲು ಮನಸ್ಸಿಲ್ಲ, ಹಾಗಾಗಿ ಹೊರಲೊಂದು ಹೆಸರು ಬೇಕಾಯಿತು. ಪರಿಶೀಲಕಿಯೆಂದರೆ ಇಷ್ಟೇ ಏನು?

ಆ ಹದಿನೈದು ನಿಮಿಷದ ನಿಯಮವನ್ನು ಇಂದೇ ರದ್ದುಮಾಡಿ. ಮನುಷ್ಯರು ಓದಿ ಹೂಂ ಎನ್ನುವವರೆಗೆ ಒಂದು ಹಾಳೆಯೂ ಹೊರಗೆ ಹೋಗಬಾರದು. ಬೇಡ ಎಂದರೆ ಅದು ಅಲ್ಲೇ ನಿಲ್ಲಬೇಕು. ಕಸ್ತೂರೆವ್ವನ ಸಂಘದ ಮೇಲಿನ ಆದೇಶ ಹಿಂತೆಗೆದುಕೊಂಡು, ಕಡತದಲ್ಲಿ ನನ್ನ ಹೆಸರು ಹೊಡೆದುಹಾಕಿ ‘ಯಾರೂ ಓದಿಲ್ಲ’ ಎಂದು ಬರೆಯಿರಿ. ಅದಕ್ಕೂ ಮೊದಲು ಸಾಲೋಟಗಿಗೆ ಬನ್ನಿ. ಆ ಹದಿನಾಲ್ಕು ಹೆಂಗಸರ ಮುಂದೆ ಕೂತು ಎಂಟೂ ಪುಟಗಳನ್ನು ನೀವೇ ಗಟ್ಟಿಯಾಗಿ ಓದಿ. ಹೊಸ ಬಟ್ಟೆಯ ಸಾಲಿಗೆ ಬಂದಾಗ, ಅಬಿದಾ ನಿಮ್ಮ ಮುಖ ನೋಡುತ್ತಿರುವಾಗ, ನಿಮ್ಮ ಓದು ನಿಲ್ಲಬಹುದು. ನಿಂತರೆ, ಅದನ್ನೇ ನಾವು ಪರಿಶೀಲನೆ ಅನ್ನುವುದು.

ಇಂತಿ,
ನಿಮ್ಮ ಕಡತದ ಪ್ರಕಾರ ಎಲ್ಲವನ್ನೂ ಓದಿ ಮುಗಿಸಿರುವ
ವಿದ್ಯಾವತಿ, ಪರಿಶೀಲಕಿ, ಇಂಡಿ