ಡೆಲ್ಫಿನಾಳ ತಾಳಕ್ಕೆ ಒಡಪು

ಆಗಸ್ಟ್ 12, ಮಂಗಳವಾರ. ವಾಸ್ಕೋ.

ಸುಸ್ತೋ ಸುಸ್ತು! ಬೆಳಗಿನಿಂದ ಮಂಗಳಗೌರಿ ಪೂಜೆ, ಬಂದ ಮುತ್ತೈದೆಯರಿಗೆಲ್ಲ ಬಗ್ಗಿ ಬಗ್ಗಿ ನಮಸ್ಕಾರ. ಸೊಂಟ ನನ್ನದಲ್ಲ. ಶನಿವಾರ ಪಣಜಿಯಲ್ಲಿ ಡೆಲ್ಫಿನಾಳ ಹಾಡು ಹಾಡುವುದಿದೆ. ಅತ್ತೆಗೆ ಹೇಳುವ ಧೈರ್ಯ ಇವತ್ತೂ ಬರಲಿಲ್ಲ.

ಎಂಥ ಹೆಂಗಸು ಡೆಲ್ಫಿನಾ! ಎಪ್ಪತ್ತರ ದಶಕದಲ್ಲಿ ಫಂಕ್ ಎಂಬ ಪಾಶ್ಚಾತ್ಯ ಕುಣಿತದ ಹಾಡು ಹಾಡಿ ಮುಂಬೈ ಹೋಟೆಲುಗಳನ್ನು ಕುಣಿಸಿದಳು. ಮದುವೆಯಾಗಿ ಇಪ್ಪತ್ತು ವರ್ಷ ಸುಮ್ಮನಾದಳು. ಮತ್ತೆ ಹಾಡುವಾಗ ತಲೆ ನರೆತಿತ್ತು. ಈಗ ಗೋವಾದಲ್ಲಿ ಮೈಕು ಹಿಡಿಯುವ ನಾವು ಹುಡುಗಿಯರೆಲ್ಲ ಅವಳ ಹಾಗೆಯೇ ಉಸಿರು ಬಿಗಿಹಿಡಿದು ಹಾಡು ಎತ್ತುತ್ತೇವೆ.

ಆರತಿಯಾದ ಮೇಲೆ, ಗಂಡನ ಹೆಸರು ಸೇರಿಸಿ ಒಡಪು ಹೇಳು ಎಂದು ಎಲ್ಲರೂ ಗಂಟುಬಿದ್ದರು. ನಾನು ಓದಿದ ಕಾನ್ವೆಂಟಿನಲ್ಲಿ ಅದನ್ನು ಯಾರು ಕಲಿಸುತ್ತಾರೆ? ತಟ್ಟೆ ಬಡಿಯುತ್ತ ಡೆಲ್ಫಿನಾಳ ತಾಳದಲ್ಲಿ ಹಾಡಿಯೇಬಿಟ್ಟೆ: "ಜುವಾರಿ ಸೇತುವಿ ಮ್ಯಾಲ ತಂಪು ಗಾಳಿ, ಓಂಕಾರರಾಯರು ಕಟ್ಟ್ಯಾರ ನನಗ ತಾಳಿ!"

ಪಕ್ಕದ ಮನೆಯವರು ಅತ್ತೆಗೆ, "ಏನ್ರೀ ಮಂದಾಕಿನಿಬಾಯಿ, ನಿಮ್ಮ ಸೊಸಿ ಕ್ಯಾಸಿನೋದಾಗ ಹಾಡ್ತಾಳೇನು?" ಎಂದರು.

"ಇಲ್ರೀ, ಪಣಜ್ಯಾಗ. ಶನಿವಾರ ಅದ, ಬರ್ರಿ" ಎಂದರು ಅತ್ತೆ.

ಓಂಕಾರ್ ಅವರಿಗೆ ಮೊದಲೇ ಹೇಳಿದ್ದನಂತೆ! ಅಡುಗೆಮನೆಯಲ್ಲಿ ಅಪ್ಪಿಕೊಳ್ಳಲು ಹೋದರೆ ಅತ್ತೆ, "ಸರಿ ಅತ್ಲಾಗ. ಧ್ವನಿ ಬಿದ್ದದ ನಿಂದು, ಶನಿವಾರದ ತನಕ ಮಾತು ಬಂದ್ ಮಾಡು" ಎಂದರು.

ನಾನು! ನಾಲ್ಕು ದಿನ! ಈ ಸುಸ್ತಿನಲ್ಲಿ ಬಹುಶಃ ಆದೀತು, ಆದರೆ ಓಂಕಾರ್ ಜೊತೆ ಮಾತಾಡದೆ ಹೇಗೆ ಇರಲಿ?