ನಮ್ಮ ಪಟ್ಟಿಯ ಹುಡುಗಿ

ಜೂನ್ 2, ಸೋಮವಾರ. ಸಂಜೆ

ಇಪ್ಪತ್ತಾರು ಕಡತ ನೋಡಿದೆ. ಇಪ್ಪತ್ತಾರನ್ನೂ ಮೂರು ಮೂರು ಸಲ. ಈ ಚಟ ಬಿಡುವುದಿಲ್ಲ. ದಾದಿಯರ ವರ್ಗಾವಣೆ ಶುರುವಾಗಿದೆ. ಆರೋಗ್ಯ ಇಲಾಖೆಯ ಸಿಬ್ಬಂದಿ ಶಾಖೆಗೆ ಈ ಎರಡು ತಿಂಗಳು ಉಸಿರಾಡಲೂ ಪುರುಸೊತ್ತಿಲ್ಲ.

ಊಟದ ಹೊತ್ತಿಗೆ ಪಕ್ಕದ ಶಾಖೆಯವರು, ನಾವು ರೇಡಿಯೊ ಎಂದು ಕರೆಯುವವರು, ಬಂದು ಕೂತರು. ಬ್ಯಾಟರಿಯೇ ಮುಗಿಯದ ಮನುಷ್ಯ. "ಹೇಗಿದಾಳೆ ಮೇಡಂ ನಿಮ್ಮ ಹೊಸಬಳು? ಮೀಸಲು ಪಟ್ಟಿಯಿಂದ ಬಂದವಳಲ್ವಾ, ಪೆನ್ನು ಯಾವ ಕಡೆಯಿಂದ ಬರೆಯುತ್ತೆ ಅಂತಾದ್ರೂ ಗೊತ್ತಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಉಳಿದವರಿಗಿಂತ ಸ್ವಲ್ಪ ಜೋರಾಗಿಯೇ.

ನಾನು ಬಂದದ್ದೂ ಅದೇ ಪಟ್ಟಿಯಿಂದ. ಇಪ್ಪತ್ತೆರಡು ವರ್ಷದ ಹಿಂದೆ. ಈ ಕಚೇರಿಗೆ ವರ್ಗವಾಗಿ ಬಂದು ಒಂಬತ್ತು ವರ್ಷ. ಇಲ್ಲಿ ಯಾರಿಗೂ ಗೊತ್ತಿಲ್ಲ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಈ ಡೈರಿಯಲ್ಲಿ ಬರೆಯುವುದಕ್ಕೂ ಕೈ ಹಿಂದೆ ಮುಂದೆ ನೋಡಿತು.

ಜೂನ್ 11, ಬುಧವಾರ. ಸಂಜೆ 6

ಹೊಸಬಳು ಬಂದು ಹತ್ತು ತಿಂಗಳಾಯಿತು. ಪ್ರೊಬೇಷನ್ ಆಗಸ್ಟಿಗೆ ಮುಗಿಯುತ್ತದೆ. ಡ್ರಾಫ್ಟು ಚೆನ್ನಾಗಿಯೇ ಬರೆಯುತ್ತಾಳೆ. ಅಕ್ಷರ ದುಂಡಗೆ. ಆದರೂ ನನ್ನ ಕೈಯಿಂದ ಕೆಂಪಾಗದೆ ಒಂದೂ ಹಾಳೆ ವಾಪಸ್ಸು ಹೋಗಿಲ್ಲ.

ಇವತ್ತು ಕೇಳಿಯೇ ಬಿಟ್ಟಳು. "ಮೇಡಂ, ಇದರಲ್ಲಿ ತಪ್ಪು ಎಲ್ಲಿದೆ ಅಂತ ಹೇಳ್ತೀರಾ? ಕಲ್ಕೋತೀನಿ."

"ತಪ್ಪಿಲ್ಲ. ಇನ್ನೊಂದು ಸಲ ಬರಿ."

ಶಾಖೆಯಲ್ಲಿ ಎಲ್ಲರನ್ನೂ ನೀವು ಎಂದೇ ಮಾತನಾಡಿಸುತ್ತೇನೆ. ಟೈಪಿಸ್ಟ್ ಹುಡುಗಿಯನ್ನೂ. ಇವಳೊಬ್ಬಳಿಗೆ ನೀನು. ಪ್ರೀತಿಯ ನೀನು ಅಲ್ಲ. ಇದು ಇವತ್ತೇ ಹೊಳೆದದ್ದು, ಬಸ್ಸಿನಲ್ಲಿ.

ಅವಳನ್ನು ತಿದ್ದಿ ನೆಟ್ಟಗೆ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಅಲ್ಲ. ಅವಳು ಎಡವಿದರೆ ಜನ ನನ್ನ ಮುಖವನ್ನೂ ನೋಡುತ್ತಾರೆ ಎನ್ನುವ ಭಯ. ಯಾಕೆ ನೋಡುತ್ತಾರೆ? ಯಾರಿಗೂ ಗೊತ್ತಿಲ್ಲವಲ್ಲ. ಆದರೂ.

ಜೂನ್ 15, ಭಾನುವಾರ

ಮಗಳು ನೇಮಕಾತಿ ಅರ್ಜಿ ತುಂಬುತ್ತಿದ್ದಳು. ಲ್ಯಾಪ್‌ಟಾಪು ನನ್ನ ಕಡೆ ತಿರುಗಿಸಿದಳು. "ಅಮ್ಮ, ಈ ಸಲಾನೂ ಮೀಸಲು ಕಾಲಂ ಖಾಲಿ ಬಿಡ್ಲಾ?"

"ಬಿಡು. ನಿನಗೆ ಅದರ ಅಗತ್ಯ ಇಲ್ಲ."

"ಹೋದ ಸಲ ಆರು ಮಾರ್ಕ್ಸಲ್ಲಿ ಹೋಯ್ತಲ್ಲ. ಕಾಲಂ ತುಂಬಿದ್ರೆ ಸಿಗ್ತಿತ್ತು."

"ಸಿಕ್ಕಿದ ಮೇಲೆ ಜೀವಮಾನ ಪೂರ್ತಿ ಮಾತು ಕೇಳ್ಬೇಕು."

"ನೀನು ಕೇಳಿದ್ದೀಯಾ?"

ಲ್ಯಾಪ್‌ಟಾಪನ್ನು ಅವಳ ಕಡೆಗೇ ತಿರುಗಿಸಿದೆ. ಇಲ್ಲ, ಕೇಳಿಲ್ಲ. ಕೇಳಬಾರದೆಂದೇ ಜ್ವರದಲ್ಲೂ ಆಫೀಸಿಗೆ ಹೋದೆ. ಇವಳ ಹೆರಿಗೆಗೆ ಎರಡು ದಿನ ಇರುವವರೆಗೂ ಕಡತ ನೋಡಿದೆ. ಗೊತ್ತಿಲ್ಲದ್ದನ್ನು ಇನ್ನೊಬ್ಬರ ಹತ್ತಿರ ಕೇಳಲಿಲ್ಲ, ಕೇಳಿದರೆ ಗೊತ್ತಿಲ್ಲವೆಂದು ಗೊತ್ತಾಗುತ್ತದಲ್ಲ. ಇದನ್ನೆಲ್ಲ ಅವಳಿಗೆ ಹೇಗೆ ಹೇಳಲಿ? ಕಾಲಂ ಖಾಲಿ ಬಿಟ್ಟಳು. ಮುಖ ಊದಿಸಿಕೊಂಡು ಒಳಗೆ ಹೋದಳು.

ಜೂನ್ 24, ಮಂಗಳವಾರ

ನಲವತ್ತು ವರ್ಗಾವಣೆ ಆದೇಶ ಒಂದೇ ದಿನ ಹೊರಟವು. ಕತ್ತು ಹಿಡಿದುಕೊಂಡಿದೆ. ಬಿಸಿನೀರಿನ ಶಾಖ ಕೊಟ್ಟುಕೊಂಡೆ. ನಮ್ಮ ಮನೆಯವರು "ನೀನಿಲ್ಲದಿದ್ರೆ ಇಲಾಖೆ ಮುಚ್ತಾರೆ ಬಿಡು" ಎಂದು ರೇಗಿಸಿದರು.

ಜುಲೈ 3, ಗುರುವಾರ. ಮಧ್ಯಾಹ್ನ 12.30

ಕಾರಿಡಾರಿನಲ್ಲಿ ಒಬ್ಬ ದಾದಿ, ಯೂನಿಫಾರಂನಲ್ಲೇ ಬಂದಿದ್ದಾಳೆ. ಕೈಯಲ್ಲಿ ನಮ್ಮ ಆದೇಶ. "ನಾನು ವರ್ಗಾವಣೆಗೆ ಅರ್ಜಿನೇ ಹಾಕಿಲ್ಲ ಮೇಡಂ. ಗುಡ್ಡದ ಮೇಲಿನ ಆಸ್ಪತ್ರೆಗೆ ಹಾಕಿದೀರಿ. ಇವತ್ತು ರಿಲೀವ್ ಮಾಡಿಬಿಟ್ರು. ನಮ್ಮಮ್ಮನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ನಾನು ಹೋದ್ರೆ ಅವರನ್ನ ಕರ್ಕೊಂಡು ಹೋಗೋರು ಯಾರು?"

ಸರ್ವೀಸ್ ರಿಜಿಸ್ಟರ್ ತೆಗೆದೆ. ಒಂದೇ ಹೆಸರಿನ ಇಬ್ಬರು ದಾದಿಯರು. ಗುಡ್ಡಕ್ಕೆ ಕಳಿಸಿ ಎಂದು ಕೇಳಿದ್ದವಳ ನಂಬರು 1163, ಅವಳ ಗಂಡ ಅಲ್ಲೇ ಕೆಲಸದಲ್ಲಿದ್ದಾನೆ. ಆದೇಶ ಹೋದದ್ದು 892ಕ್ಕೆ.

ಕಡತದಲ್ಲಿ ಡ್ರಾಫ್ಟ್ ನೋಡಿದೆ. ಹೊಸಬಳ ದುಂಡಗಿನ ಅಕ್ಷರ — 1163. ಸರಿಯಾಗಿಯೇ ಬರೆದಿದ್ದಾಳೆ. ಅದರ ಮೇಲೆ ಕೆಂಪು ಗೀಟು. ಗೀಟಿನ ಮೇಲೆ ನನ್ನ ಕೈಬರಹ — 892.

ಹೋದ ವರ್ಷ ಈ 892ರ ರಜೆ ಕಡತ ನೋಡಿದ್ದೆ, ನಂಬರು ತಲೆಯಲ್ಲಿ ಉಳಿದಿತ್ತು. ರಿಜಿಸ್ಟರ್ ತೆಗೆಯಲೇ ಇಲ್ಲ. ಎಲ್ಲವನ್ನೂ ಮೂರು ಸಲ ನೋಡುವವಳು ಒಂದು ಸಲವೂ ನೋಡಲಿಲ್ಲ. ಯಾಕೆಂದರೆ ಬರೆದವಳು ಇವಳು. ತಪ್ಪು ಇದ್ದೇ ಇರುತ್ತದೆ ಎಂದುಕೊಂಡೆ. ಬೇರೆ ಯಾರಾದರೂ ಬರೆದಿದ್ದರೆ ರಿಜಿಸ್ಟರ್ ತೆಗೆಯುತ್ತಿದ್ದೆ. ಖಂಡಿತ ತೆಗೆಯುತ್ತಿದ್ದೆ.

ಅದೇ ದಿನ. ರಾತ್ರಿ 9

ನಾಲ್ಕಕ್ಕೆ ಸಾಹೇಬರು ಕರೆದರು. "ಡ್ರಾಫ್ಟ್ ಯಾರದ್ದು?"

"ಹೊಸಬಳದ್ದು ಸಾರ್."

ಸುಳ್ಳಲ್ಲ. ಡ್ರಾಫ್ಟ್ ಅವಳದ್ದೇ.

"ಅಂದ್ಕೊಂಡೆ. ಅವಳಿಗೆ ಮೆಮೊ ಕೊಡಿ."

ನನ್ನ ಟೇಬಲ್ಲಿಗೆ ವಾಪಸ್ಸು ಬಂದು, ಕಡತದಿಂದ ಆ ಹಾಳೆ ಎಳೆದು, ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಬಸ್ ಸ್ಟಾಪಿನ ಕಸದ ಡಬ್ಬಿಯ ಹತ್ತಿರ ನಿಂತು ಚೂರು ಚೂರು ಮಾಡಿದೆ. ನನ್ನ ಬಸ್ಸು ಬಂದು ಹೊರಟೂ ಹೋಯಿತು.

ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡಿದೆ. ಅದೇ ಆಶ್ಚರ್ಯ.

ಜುಲೈ 4, ಶುಕ್ರವಾರ

ಮೆಮೊ ಕೊಟ್ಟೆ. ನಿಂತೇ ಓದಿದಳು.

"ಕಡತದಲ್ಲಿ ನನ್ನ ಡ್ರಾಫ್ಟ್ ಇರುತ್ತಲ್ಲ ಮೇಡಂ?"

"ಹುಡುಕಿದೆ. ಇಲ್ಲ."

ಒಂದು ಸಲ ನನ್ನ ಮುಖ ನೋಡಿದಳು. ಸಹಿ ಹಾಕಿದಳು. "ಆಯ್ತು ಮೇಡಂ." ಅಷ್ಟೇ. ಜಗಳವಾಡಿದ್ದರೆ ನಾನೂ ಗದರಿ ಸುಧಾರಿಸಿಕೊಳ್ಳುತ್ತಿದ್ದೆ.

ಜುಲೈ 21, ಸೋಮವಾರ. ಸಂಜೆ

ಹದಿನೇಳು ದಿನ ಏನೂ ಬರೆದಿಲ್ಲ. ಬರೆಯುವ ಮುಖ ಇರಲಿಲ್ಲ.

ತಿದ್ದಿದ ಆದೇಶ ಮೊನ್ನೆ ಹೋಯಿತು. 892 ಇವತ್ತು ಗುಡ್ಡದಿಂದ ವಾಪಸ್ಸು ಬಂದವಳು ನೇರ ನಮ್ಮ ಶಾಖೆಗೇ ಬಂದಳು. ಅವಳಿಲ್ಲದಾಗ ತಾಯಿಗೆ ಒಂದು ಡಯಾಲಿಸಿಸ್ ತಪ್ಪಿ, ಉಸಿರು ಕಟ್ಟಿ, ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಿದ್ದರಂತೆ. ಈಗ ಪರವಾಗಿಲ್ಲವಂತೆ. ನನ್ನನ್ನಲ್ಲ, ಹೊಸಬಳನ್ನು ಹುಡುಕಿಕೊಂಡು ಹೋಗಿ ಎಲ್ಲರೆದುರು ಬಾಯಿಗೆ ಬಂದಂತೆ ಬೈದಳು. ಹೊಸಬಳು ತಲೆ ತಗ್ಗಿಸಿ ನಿಂತಿದ್ದಳು. ನಾನು ನನ್ನ ಕುರ್ಚಿಯಲ್ಲಿ ಸ್ಟೇಪ್ಲರಿಗೆ ಪಿನ್ನು ತುಂಬುತ್ತಿದ್ದೆ. ಅದು ಮೊದಲೇ ತುಂಬಿತ್ತು.

"ನಾನು ಹೇಳಿರ್ಲಿಲ್ವಾ" ಎಂದರು ರೇಡಿಯೊ. ಅವರ ಮಗ ಎರಡು ಮಾರ್ಕಿನಲ್ಲಿ ಈ ಕೆಲಸ ಕಳೆದುಕೊಂಡು ಈಗ ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ಹೊರುತ್ತಾನೆ. ಅವರ ಸಂಕಟ ಸುಳ್ಳಲ್ಲ. ಆದರೆ ಇವತ್ತು ಅವರ ಮುಖದಲ್ಲಿ ಇದ್ದದ್ದು ಸಂಕಟವಲ್ಲ. ಆ ಖುಷಿಯನ್ನು ಅವರಿಗೆ ಕೊಟ್ಟವಳು ನಾನು.

ಟೈಪಿಸ್ಟ್ ನನಗೆ ಟೀ ತಂದುಕೊಟ್ಟಳು. "ಇಂಥವರನ್ನ ಇಟ್ಕೊಂಡು ಹೇಗೆ ನಿಭಾಯಿಸ್ತೀರೋ ಮೇಡಂ, ಪಾಪ." ಟೀ ಕುಡಿದೆ.

ಜುಲೈ 30, ಬುಧವಾರ

ಪ್ರೊಬೇಷನ್ ವರದಿಯ ಫಾರಂ ಬಂತು. ಶಾಖೆಯ ಮುಖ್ಯಸ್ಥರೇ, ಅಂದರೆ ನಾನೇ, ತುಂಬಬೇಕು. ತೃಪ್ತಿಕರ, ಇಲ್ಲವೇ ತೃಪ್ತಿಕರವಲ್ಲ. ಎರಡನೆಯದಕ್ಕೆ ಟಿಕ್ ಹಾಕಿದರೆ ಹಿಯರಿಂಗ್, ಆಮೇಲೆ ಕೆಲಸ ಹೋಗುತ್ತದೆ.

ತೃಪ್ತಿಕರ ಅಂದರೆ ಮತ್ತೆ ಮೆಮೊ ಯಾಕೆ ಕೊಟ್ಟಿರಿ ಎನ್ನುತ್ತಾರೆ. ಡ್ರಾಫ್ಟ್ ಎಲ್ಲಿ ಎನ್ನುತ್ತಾರೆ. ಇದು ಒಂದು ಕಾರಣ. ಇನ್ನೊಂದು ಇದಕ್ಕಿಂತ ಕೀಳು: ಇವಳ ಪರ ಬರೆದರೆ, ಇವರಿಗ್ಯಾಕೆ ಇಷ್ಟು ಮರುಕ ಎಂದು ಯಾರಾದರೂ ಯೋಚಿಸಿಯಾರು.

"ಜವಾಬ್ದಾರಿಯ ಕೆಲಸಕ್ಕೆ ಇನ್ನೂ ಪಕ್ವವಾಗಿಲ್ಲ" ಎಂದು ಬರೆದೆ. ಒಂದು ಅಕ್ಷರವೂ ತಪ್ಪಿಲ್ಲ. ಮೂರು ಸಲ ನೋಡಿದೆ.

ಆಗಸ್ಟ್ 6, ಬುಧವಾರ. ಸಂಜೆ 5.40. ಇನ್ನೂ ಆಫೀಸಿನಲ್ಲೇ

ಸಾಹೇಬರು ಕೂರಿಸಿ ಮಾತಾಡಿದರು. ಬಹಳ ಒಳ್ಳೆಯ ಮೂಡಿನಲ್ಲಿದ್ದರು. "ನಿಮ್ಮ ವರದಿ ಮೇಲಕ್ಕೆ ಕಳಿಸಿದೆ. ಹನ್ನೊಂದನೇ ತಾರೀಕು ಹಿಯರಿಂಗ್. ಬೇರೆ ಯಾರಾದ್ರೂ ಬರೆದಿದ್ರೆ ಯೂನಿಯನ್ನೋರು ಬಂದು ಪಕ್ಷಪಾತ ಅಂತ ಕೂಗ್ತಿದ್ರು. ನೀವೇ ಬರೆದ ಮೇಲೆ ಯಾರೂ ಬಾಯಿ ಬಿಡೋ ಹಾಗಿಲ್ಲ."

"ನಾನೇ ಅಂದ್ರೆ... ಸಾರ್?"

"ನೀವೂ ಅದೇ ಪಟ್ಟಿಯವರಲ್ವಾ. ಅದಕ್ಕೇ ತಾನೇ ಅವಳನ್ನ ನಿಮ್ಮ ಶಾಖೆಗೆ ಹಾಕಿದ್ದು." ಬಸ್ಸಿನ ಟೈಮು ಹೇಳುವಷ್ಟು ಸಲೀಸಾಗಿ ಹೇಳಿದರು. ನನ್ನ ಮುಖ ನೋಡಿ ಸಮಾಧಾನ ಬೇರೆ. "ನೀವು ಬಿಡಿ ಮೇಡಂ. ನೀವು ಅವರ ಥರ ಅಲ್ಲ."

ಹೊರಗೆ ಬಂದು ನೋಟಿಸ್ ಬೋರ್ಡಿನ ಮುಂದೆ ನಿಂತೆ. ಪ್ರತಿ ಜನವರಿಗೂ ಅಲ್ಲಿ ಸೀನಿಯಾರಿಟಿ ಪಟ್ಟಿ ಅಂಟಿಸುತ್ತಾರೆ. ಯಾರಾದರೂ ನೋಡಿಯಾರೆಂದು ನಾನು ಯಾವತ್ತೂ ಅದರ ಮುಂದೆ ನಿಂತವಳಲ್ಲ. ಇವತ್ತು ನಿಂತು ಓದಿದೆ. ನನ್ನ ಹೆಸರು ಏಳನೆಯದು. ನಾಲ್ಕನೇ ಕಾಲಂ: ನೇಮಕಾತಿಯ ವಿಧ. ಮೀಸಲು. ಟೈಪ್ ಮಾಡಿದ್ದಾರೆ, ಎಲ್ಲರಿಗೂ ಕಾಣುವಷ್ಟು ದಪ್ಪಗೆ.

ಒಂಬತ್ತು ವರ್ಷ. ರೇಡಿಯೊ ಆ ಜೋಕು ಹೇಳುವಾಗಲೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ನಾನು ನಗುವುದನ್ನು ನೋಡುತ್ತಿದ್ದರು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೊದಲು ಅನ್ನಿಸಿದ್ದು ನನ್ನ ಬಗ್ಗೆ. ಹೊಸಬಳ ನೆನಪು ಬಂದದ್ದು ಆಮೇಲೆ, ಮೆಟ್ಟಿಲಿಳಿಯುವಾಗ. ಅದನ್ನೂ ಬರೆದಿಡುತ್ತೇನೆ.

ಆಗಸ್ಟ್ 8, ಶುಕ್ರವಾರ. ಸಂಜೆ

ರೆಕಾರ್ಡ್ ರೂಮಿಗೆ ಕರೆದೆ. ಬಾಗಿಲು ಮುಂದೆ ಮಾಡಿದೆ. ಹೇಳಿದೆ.

"ನಂಬರ್ ತಿದ್ದಿದ್ದು ನಾನು. ಡ್ರಾಫ್ಟ್ ಹರಿದು ಹಾಕಿದ್ದೂ ನಾನೇ."

"ಗೊತ್ತು ಮೇಡಂ."

ಪ್ರತಿ ಡ್ರಾಫ್ಟನ್ನೂ ಫೋನಿನಲ್ಲಿ ಫೋಟೊ ತೆಗೆಯುತ್ತಿದ್ದಳಂತೆ. ನಾನು ಕೆಂಪು ಹಾಕುವ ಮೊದಲು ಒಂದು, ಹಾಕಿದ ಮೇಲೆ ಒಂದು. ಮನೆಯಲ್ಲಿ ಪಕ್ಕಪಕ್ಕ ಇಟ್ಟುಕೊಂಡು ಕಲಿಯಲು. ಇಷ್ಟು ತಿಂಗಳು ನಾನು ಕಾರಣವಿಲ್ಲದೆ ಗೀಚಿದ್ದನ್ನು ಅವಳು ಪಾಠ ಅಂದುಕೊಂಡು ಓದಿದ್ದಾಳೆ.

"ಮತ್ತೆ ಯಾಕೆ ತೋರಿಸ್ಲಿಲ್ಲ?" ಎಂದು ಕೇಳಿದೆ.

"ನಿಮಗೋಸ್ಕರ ಅಂದ್ಕೋಬೇಡಿ. ನಿಮ್ಮನ್ನ ಕಂಡ್ರೆ ನನಗೆ ಆಗಲ್ಲ." ನೇರವಾಗಿ ಹೇಳಿದಳು, ಸಿಟ್ಟಿಲ್ಲದೆ. "ತೋರಿಸಿದ್ರೆ ನಿಮ್ಮ ಕೆಲಸಕ್ಕೆ ಕುತ್ತು ಬರುತ್ತೆ. ಆಮೇಲೆ ಏನಂತಾರೆ? ನೋಡಿ, ಆ ಪಟ್ಟಿಯೋರು ಹಳಬರೂ ಅಷ್ಟೇ, ಹೊಸಬರೂ ಅಷ್ಟೇ ಅಂತಾರೆ. ಮುಂದಿನ ವರ್ಷ ನನ್ನ ತಂಗಿ ಪರೀಕ್ಷೆ ಬರೀತಾಳೆ ಮೇಡಂ. ಇಬ್ಬರು ಬೀಳೋದಕ್ಕಿಂತ ಒಬ್ಬಳು ಬಿದ್ರೆ ಸಾಕು ಅನ್ಸ್ತು."

"ಆ ಫೋಟೊ ಕೊಡಿ. ಹಿಯರಿಂಗಲ್ಲಿ ನಾನೇ ತೋರಿಸ್ತೀನಿ."

"ಅಳಿಸಿಬಿಟ್ಟೆ. ಇದ್ರೆ ಯಾವತ್ತಾದ್ರೂ ಸಿಟ್ಟಲ್ಲಿ ತೋರಿಸಿಬಿಡ್ತೀನೇನೋ ಅಂತ."

ಕೊಡಿ ಎಂದಿದ್ದೆ. ಬಹುವಚನ ತಾನಾಗಿಯೇ ಬಂದಿತ್ತು. ಅವಳು ಗಮನಿಸಿದ ಹಾಗೆ ಕಾಣಲಿಲ್ಲ. ಗಮನಿಸಿ ತಾನೇ ಏನು ಮಾಡುತ್ತಾಳೆ.

ಆಗಸ್ಟ್ 10, ಭಾನುವಾರ. ಬೆಳಿಗ್ಗೆ

ಇವರಿಗೆ ಎಲ್ಲ ಹೇಳಿದೆ. ಪೇಪರ್ ಮಡಚಿಟ್ಟು ಕೇಳಿದರು. "ಕಡತದ ಹಾಳೆ ಹರಿದಿದ್ದು ಸಣ್ಣ ವಿಷಯ ಅಲ್ಲ. ಸಸ್ಪೆಂಡ್ ಮಾಡ್ತಾರೆ."

"ಗೊತ್ತು."

"ಹೇಳದೇ ಇದ್ರೆ?"

"ಯಾರಿಗೂ ಗೊತ್ತಾಗಲ್ಲ. ಸಾಕ್ಷಿನೇ ಇಲ್ಲ."

ಪೇಪರನ್ನು ಪಕ್ಕಕ್ಕೆ ತಳ್ಳಿ ಎದ್ದರು. "ಮಗಳಿಗೆ ನೀನೇ ಹೇಳ್ಬೇಕು. ನಾನು ಹೇಳಲ್ಲ." ಮಾಡು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಮಗಳು ಗೆಳತಿಯ ಮನೆಗೆ ಹೋಗಿದ್ದಾಳೆ. ಬರಲಿ. ಬರುವುದು ತಡವಾಗಲಿ ಎಂದೂ ಅನ್ನಿಸುತ್ತಿದೆ.

ಆಗಸ್ಟ್ 11, ಸೋಮವಾರ. ಬೆಳಿಗ್ಗೆ 10.50. ಹಿಯರಿಂಗ್ ರೂಮಿನ ಹೊರಗೆ, ಬೆಂಚು

ಮಗಳಿಗೆ ಹೇಳಲಾಗಲಿಲ್ಲ. ಮೊದಲು ಇಲ್ಲಿ.

ಬೆಂಚಿನ ಆ ತುದಿಯಲ್ಲಿ ಹೊಸಬಳು. ಇಸ್ತ್ರಿ ಮಾಡಿದ ಬಟ್ಟೆ, ಮಡಿಲಲ್ಲಿ ಸರ್ಟಿಫಿಕೇಟುಗಳ ಫೈಲು. ನಾನು ಒಳಗೆ ಹೇಳುತ್ತೇನೆಂದು ಅವಳು ನಂಬಿಲ್ಲ, ಅದು ಅವಳು ಕೂತಿರುವ ರೀತಿಯಲ್ಲೇ ಗೊತ್ತಾಗುತ್ತದೆ. ನಂಬಬೇಕೆಂದು ನಾನು ಯಾವ ಬಾಯಿಂದ ಕೇಳಲಿ.

ಬೆಳಿಗ್ಗೆ ಕನ್ನಡಿ ಮುಂದೆ ಐದು ಸಲ ಹೇಳಿ ನೋಡಿದೆ. ಐದು ಸಲವೂ ಕೊನೆಯಲ್ಲಿ ಒಂದು "ಆದರೆ" ಬಂದು ಸೇರಿಕೊಂಡಿತು. ಆದರೆ ಕೆಲಸ ಜಾಸ್ತಿ ಇತ್ತು. ಆದರೆ ಇಪ್ಪತ್ತೆರಡು ವರ್ಷ ಒಂದು ತಪ್ಪೂ ಮಾಡಿಲ್ಲ. ಅದಿಲ್ಲದೆ ಬರೆದಿಟ್ಟುಕೊಳ್ಳುತ್ತೇನೆ, ಓದಿಯಾದರೂ ಹೇಳಬಹುದು —

ಅವಳು ಸರಿಯಾಗಿ ಬರೆದಿದ್ದಳು. ನಾನು ತಪ್ಪಾಗಿ ತಿದ್ದಿದೆ. ಹಾಳೆ ಹರಿದೆ. ವರದಿ ಸುಳ್ಳು.

ನಾಲ್ಕೇ ಮಾತು. ಅಕ್ಷರ ಸೊಟ್ಟ.

ಒಳಗೆ ಗಂಟೆ ಬಾರಿಸಿದರು. ಜವಾನ ಬಾಗಿಲು ತೆರೆದು ಅವಳ ಹೆಸರು ಕೂಗಿದ. ಅವಳು ಏಳುತ್ತಿದ್ದಾಳೆ. ಅವಳಿಗಿಂತ ಮೊದಲು ನಾನು ಒಳಗೆ ಹೋಗುತ್ತೇನೆ.