ಬಾಗಿಲು ಬಡಿದವಳಿಗೇ ನೋಟಿಸು

ಮಾನ್ಯ ಕುಲಸಚಿವರೇ,

ನಿಮ್ಮ ವಿಶ್ವವಿದ್ಯಾಲಯದ ತರಬೇತುದಾರನೊಬ್ಬ ಎಂಟನೆಯ ತರಗತಿಯ ಹುಡುಗಿಯನ್ನು ತನ್ನ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡ. ನಿಮ್ಮದೇ ವಿದ್ಯಾರ್ಥಿನಿ ಆ ಬಾಗಿಲು ಬಡಿದು ಹುಡುಗಿಯನ್ನು ಹೊರಗೆ ಕರೆತಂದಳು. ಇಂದು ತರಬೇತುದಾರ ಕೆಲಸದಲ್ಲಿದ್ದಾನೆ. ಬಾಗಿಲು ಬಡಿದವಳ ಕೈಯಲ್ಲಿ ನಿಮ್ಮ ಸಹಿಯ ನೋಟಿಸಿದೆ. ಇದನ್ನು ಬರೆಯುವಾಗ ನನಗೆ ಸಿಟ್ಟಿಗಿಂತ ಹೇಸಿಗೆಯೇ ಹೆಚ್ಚು.

ನಾನು ತೇರದಾಳದ ಪ್ರೌಢಶಾಲೆಯೊಂದರ ಕನ್ನಡ ಶಿಕ್ಷಕಿ. ಆ ಹುಡುಗಿ ನನ್ನ ವಿದ್ಯಾರ್ಥಿನಿ, ಹೆಸರು ಬರೆಯುವುದಿಲ್ಲ. ಚಿಮ್ಮಡ ಕಡೆಯ, ಕುರಿ ಸಾಕುವ ಮನೆಯವಳು. ಸರ್ಕಾರ ಕೊಟ್ಟ ಸೈಕಲ್ಲಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳನ್ನು ಹಿಂದೆ ಹಾಕಿ ಶಾಲೆಗೆ ಬರುತ್ತಿದ್ದಳು. 2014ರ ಬೇಸಿಗೆಯಲ್ಲಿ ನೀವು ಜಮಖಂಡಿಯಲ್ಲಿ ನಡೆಸಿದ ಸೈಕ್ಲಿಂಗ್ ಶಿಬಿರಕ್ಕೆ ಆಯ್ಕೆಯಾದಾಗ ಅವಳ ತಾಯಿ ಓಣಿಗೆಲ್ಲ ಸಕ್ಕರೆ ಹಂಚಿದ್ದಳು. ವಿಶ್ವವಿದ್ಯಾಲಯವೆಂದರೆ ಆ ತಾಯಿಗೆ ಗುಡಿಯಿದ್ದಂತೆ. ಗುಡಿಯೊಳಗೆ ಎಂಥವರನ್ನು ಕೂರಿಸಿದ್ದೀರೆಂದು ಅವಳಿಗೇನು ಗೊತ್ತು?

ಶಿಬಿರದಲ್ಲಿ ಸಹಾಯಕಿಯಾಗಿದ್ದವಳು ರಂಜನಾ, ಬನಹಟ್ಟಿಯ ನೇಕಾರರ ಮಗಳು, ನಿಮ್ಮ ದೈಹಿಕ ಶಿಕ್ಷಣ ವಿಭಾಗದ ವಿದ್ಯಾರ್ಥಿನಿ. ಹುಡುಗಿಯರ ಕಾಲಿಗೆ ಮಾಲೀಸು ಮಾಡುತ್ತೇನೆಂದು ಒಬ್ಬೊಬ್ಬರನ್ನೇ ಕೋಣೆಗೆ ಕರೆಯುವ ತರಬೇತುದಾರನ ಮೇಲೆ ಅವಳಿಗೆ ಅನುಮಾನವಿತ್ತು. ಅಂದು ಒಳಗಿನಿಂದ ಅಳು ಕೇಳಿದ್ದೇ ತಡ, ಬಾಗಿಲು ತೆರೆಯುವವರೆಗೆ ಬಡಿದಳು. ಹುಡುಗಿಯನ್ನು ತನ್ನ ಜೊತೆಗೇ ಮಲಗಿಸಿಕೊಂಡಳು. ಮರುದಿನ ನಿಮ್ಮ ಕಚೇರಿಗೆ ಬಂದು ದೂರು ಕೊಟ್ಟಳು. ಹಿಂದೊಮ್ಮೆ ತನ್ನ ಮೈಮೇಲೂ ಅವನು ಕೈ ಹಾಕಿದ್ದನ್ನು ಮುಚ್ಚಿಡದೆ ಬರೆದಳು.

ನೀವೇನು ಮಾಡಿದಿರಿ? ‘ಮೈಗೆ ಹುಷಾರಿಲ್ಲ’ ಎಂದು ಹೇಳಿ ಹುಡುಗಿಯನ್ನು ಮನೆಗೆ ಕಳಿಸಿಬಿಟ್ಟಿರಿ. ಎಂಥ ಕಾಳಜಿ! ಆಮೇಲೆ ವಿಚಾರಣಾ ಸಮಿತಿ ಮಾಡಿ, ತರಬೇತುದಾರನ ಜೊತೆ ದಿನವೂ ಊಟಕ್ಕೆ ಕೂರುವವರನ್ನೇ ಅಧ್ಯಕ್ಷರನ್ನಾಗಿಸಿದಿರಿ. ಅವರು ರಂಜನಾಳನ್ನು ಕೇಳಿದ್ದು ಒಂದೇ ಪ್ರಶ್ನೆ: “ನಿನಗ ಹಂಗ ಮಾಡಿದ್ದು ಖರೆ ಇದ್ರ ಅವತ್ತ ಯಾಕ ಬಾಯಿ ಬಿಡಲಿಲ್ಲ?” ಈಗ ಬಾಯಿ ಬಿಟ್ಟವಳ ಗತಿ ನೋಡಿದರೆ ಅಂದು ಯಾಕೆ ಬಿಡಲಿಲ್ಲವೆಂದು ಯಾರಿಗೂ ತಿಳಿಯುತ್ತದೆ.

ಶಾಲೆ ಶುರುವಾದ ಮೇಲೆ ರಂಜನಾ ನನ್ನನ್ನು ಹುಡುಕಿಕೊಂಡು ಬಂದಳು. “ಅಕ್ಕೋರ, ಅಲ್ಲಿ ಯಾರೂ ಏನೂ ಮಾಡವಲ್ರು. ಆ ಹುಡುಗಿ ಹ್ಯಾಂಗ ಅದಾಳ್ರಿ?” ಹುಡುಗಿ ಶಾಲೆಗೇ ಬಂದಿರಲಿಲ್ಲ. ಇಬ್ಬರೂ ಅವಳ ಮನೆಗೆ ಹೋದೆವು. ರಂಜನಾಳನ್ನು ಕಂಡದ್ದೇ ಹುಡುಗಿ ತಾಯಿಯ ಸೆರಗು ಹಿಡಿದು ಅತ್ತಳು. “ಯವ್ವಾ, ಆ ಸರ್ ಕಾಲ ತಿಕ್ಕತೇನಂತ ಕರದ. ಒಲ್ಲೆ ಅಂದ್ರೂ ಬಿಡಲಿಲ್ಲ. ಈ ಅಕ್ಕ ಬಂದ್ಳು.” ಅಲ್ಲಿಯವರೆಗೆ ಮಗಳಿಗೆ ಜ್ವರ ಬಂದಿತ್ತೆಂದೇ ತಾಯಿ ನಂಬಿದ್ದಳು.

ಮರುದಿನ ಆ ತಾಯಿಯೊಂದಿಗೆ ನಿಮ್ಮ ಕೋಣೆಗೆ ಬಂದೆ. ನೆನಪಿದೆಯೇ? ನಮಗೆ ಚಹಾ ತರಿಸಿ ಹೇಳಿದಿರಿ: “ನೋಡ್ರಿ ಟೀಚರ್, ಆಕಿ ನಮ್ಮ ವಿದ್ಯಾರ್ಥಿನಿ ಅಲ್ಲ. ಶಿಬಿರನೂ ಮುಗದೈತಿ. ಸುಮ್ಮನ ಗದ್ಲಾ ಮಾಡಿದ್ರ ನಾಳೆ ಹುಡುಗಿ ಲಗ್ನ ಹ್ಯಾಂಗ ಆಕ್ಕೈತಿ?”

ತಾಯಿ ಚಹಾ ಮುಟ್ಟಲಿಲ್ಲ. “ಸಾಹೇಬ್ರ, ಕೂಸಿನ ಲಗ್ನದ ಚಿಂತಿ ನನಗಿರ್ಲಿ. ನಿಮ್ಮನ್ನ ನಂಬಿ ಕಳಿಸಿದ್ವಿ, ನೀವು ಕಾಯಲಿಲ್ಲ. ಅದಕ್ಕೇನಂತೀರಿ, ಅದನ್ನ ಹೇಳ್ರಿ.” ನೀವು ಗಂಟೆ ಬಾರಿಸಿ ಜವಾನನನ್ನು ಕರೆದಿರಿ.

ಅಲ್ಲಿಂದ ನಾವು ನೇರವಾಗಿ ಪೊಲೀಸ್ ಠಾಣೆಗೆ ಹೋದೆವು. ಮಹಿಳಾ ಅಧಿಕಾರಿಯೊಬ್ಬರು ಸಮವಸ್ತ್ರವಿಲ್ಲದೆ ಮನೆಗೇ ಬಂದು, ಜೋಳದ ಚೀಲಗಳ ಪಕ್ಕ ಕುಳಿತು, ಹುಡುಗಿಯ ಮಾತನ್ನು ಕೊನೆಯವರೆಗೆ ಕೇಳಿದರು. ನಿಮ್ಮ ಕಟ್ಟಡದಲ್ಲಿ ಇಷ್ಟು ಪದವೀಧರರಿದ್ದರೂ ಯಾರಿಗೂ ಸಾಧ್ಯವಾಗದ ಕೆಲಸ ಇದೊಂದೇ: ಕೇಳುವುದು. ತರಬೇತುದಾರನ ಬಂಧನವಾಯಿತು. ಜಾಮೀನು ಸಿಕ್ಕಿದ್ದೇ ತಡ, ನೀವು ಅವನಿಗೆ ಮೈದಾನವನ್ನು ಮತ್ತೆ ಒಪ್ಪಿಸಿದಿರಿ. ರಂಜನಾಳಿಗೆ ‘ಸಂಸ್ಥೆಯ ಘನತೆಗೆ ಧಕ್ಕೆ ತಂದಿದ್ದೀರಿ’ ಎಂದು ನೋಟಿಸು ಕೊಟ್ಟು, ಪರೀಕ್ಷೆಗೆ ಕೂರಬಾರದೆಂದಿರಿ. ಘನತೆ ಎನ್ನುವುದು ನಿಮ್ಮಲ್ಲಿ ಎಲ್ಲಿತ್ತು ಸ್ವಾಮಿ, ಧಕ್ಕೆಯಾಗಲು? ಆ ಕೋಣೆಯ ಒಳಗಿತ್ತೇ?

ಹುಡುಗಿ ಈಗ ಬಸ್ಸಿನಲ್ಲಿ ಶಾಲೆಗೆ ಬರುತ್ತಿದ್ದಾಳೆ. ಸೈಕಲ್ ಮುಟ್ಟುತ್ತಿಲ್ಲ. ಆದರೆ ಮೊನ್ನೆ ಕೇಳಿದಳು: “ಅಕ್ಕೋರ, ಕೋರ್ಟಿನ್ಯಾಗ ನಾನ ಹೇಳಬೇಕೇನ್ರಿ?” ಹೌದೆಂದೆ. “ಹಂಗಾರ ಹೇಳತೇನ್ರಿ,” ಅಂದಳು.

ಆದ್ದರಿಂದ ತರಬೇತುದಾರನನ್ನು ಈ ವಾರವೇ ಅಮಾನತು ಮಾಡಿ. ರಂಜನಾಳ ನೋಟಿಸು ಹಿಂಪಡೆದು ಪರೀಕ್ಷೆ ಬರೆಯಲು ಬಿಡಿ. ಅವಳ ದೂರನ್ನು ಹೊರಗಿನ ಸದಸ್ಯರಿರುವ ಸಮಿತಿಗೆ ಒಪ್ಪಿಸಿ. ಮಗುವಿನ ಮೇಲಿನ ದೌರ್ಜನ್ಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದು ಅಪರಾಧವೆಂದು ಕಾನೂನು ಹೇಳುತ್ತದೆ. ರಂಜನಾಳ ದೂರು ಕೈಗೆ ಬಂದ ಮೇಲೂ ಯಾಕೆ ಸುಮ್ಮನಿದ್ದಿರೆಂದು ನೀವೇ ಠಾಣೆಗೆ ಹೋಗಿ ಹೇಳಿಕೆ ಕೊಡಿ. ಹದಿಮೂರರ ಹುಡುಗಿ ಕೊಟ್ಟಿದ್ದಾಳೆ. ನಿಮಗೇನು ಭಯ?

ಇಂತಿ,
ಪತ್ರಲೇಖನದ ಪಾಠದಲ್ಲಿ ‘ತಮ್ಮ ವಿಧೇಯ’ ಎಂದು ಮುಗಿಸಲು ಮಕ್ಕಳಿಗೆ ಕಲಿಸುವ,
ಈ ಸಲ ಹಾಗೆ ಬರೆಯಲು ಕೈ ಬಾರದ
ಒಬ್ಬ ಕನ್ನಡ ಶಿಕ್ಷಕಿ, ತೇರದಾಳ